ಕೈಯಲ್ಲಿ ಎರಡು ಸುತ್ತು

ಪೆಂಡುರ್ತಿಯಲ್ಲಿ ನಮ್ಮ ಪಕ್ಕದ ಮನೆಯವರು ಬಂದರಿನಲ್ಲಿ ಕ್ರೇನ್ ಮೆಕ್ಯಾನಿಕ್. ಹೊಸಪೇಟೆಯ ಹೆಂಡತಿಯಿಂದ ಕಲಿತ ಕನ್ನಡಕ್ಕೆ ತೆಲುಗು ಬೆರೆಸಿ ಎಲ್ಲಕ್ಕೂ "ಕಂಗಾರು ಬೇಡ ಸಾರ್", ಅಂದರೆ ಗಾಬರಿ ಬೇಡ, ಎನ್ನುತ್ತಿದ್ದರು. ಊರೂರಿಗೆ ವರ್ಗವಾಗುವ ಬ್ಯಾಂಕಿನವನಾದ ನನಗೆ ವರ್ಗಾವಣೆಯಿಲ್ಲದ ಹುದ್ದೆ ಗಾಬರಿಯೊಂದೇ.

ಒಮ್ಮೆ, ಮರುದಿನವೇ ಮಗಳನ್ನು ಸಂದರ್ಶನಕ್ಕೆ ವಿಜಯವಾಡಕ್ಕೆ ಕರೆದೊಯ್ಯಬೇಕಿತ್ತು. ಕಾರಿನ ಎಂಜಿನ್ನಿಂದ ಎಣ್ಣೆ ಸೋರುತ್ತಿತ್ತು. ಪಕ್ಕದ ಮನೆಯವರು ನಮ್ಮ ಅಂಗಳದಲ್ಲೇ ಎಣ್ಣೆ ತಡೆಯುವ ಕ್ರ್ಯಾಂಕ್ ಸೀಲನ್ನೂ, ಅದಕ್ಕಾಗಿ ಬಿಚ್ಚಿದ ಟೈಮಿಂಗ್ ಬೆಲ್ಟನ್ನೂ ಬದಲಿಸಿದರು. ಬೆಲ್ಟು ಒಂದೆರಡು ಹಲ್ಲು ತಪ್ಪಿದರೂ ಎಂಜಿನ್ ಹಾಳಾಗಬಹುದೆಂದು ಓದಿದ್ದ ನಾನು ಬೆಲ್ಟಿನ ಚಕ್ರಗಳ ಮೇಲಿನ ಹೊಂದಾಣಿಕೆಯ ಗುರುತುಗಳನ್ನು ಏಳು ಸಲ ನೋಡಿದೆ.

ಅವರು ಸ್ಪ್ಯಾನರನ್ನು ನನ್ನ ಕೈಗಿತ್ತರು. "ನೀವೇ ತಿರುಗ್ಸಿ. ನಾನು ತಿರುಗ್ಸಿದ್ರೆ ವಿಜಯವಾಡದ ತನಕ ನಿಮಗೆ ನಂಬಿಕೆ ಬರಲ್ಲ."

ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ; ಬೆಲ್ಟು ತಪ್ಪಿದ್ದರೆ ಎಲ್ಲೋ ತಡೆಯಬೇಕಿತ್ತು. ಎಲ್ಲೂ ತಡೆಯಲಿಲ್ಲ, ಗುರುತುಗಳು ಮತ್ತೆ ಸರಿಯಾಗಿ ಕೂಡಿದವು. ಅವರು ನಲ್ಲಿಯತ್ತ ನಡೆದರು.

"ಏಮಂಡೀ, ಸ್ಟಾರ್ಟ್ ಆಗೋದು ನೋಡಲ್ವಾ?" ಅವರದೇ ತೆಲುಗಿನಲ್ಲಿ ಕರೆದು ಕೇಳಿದೆ.

"ನೋಡಾಯ್ತಲ್ಲ ಸಾರ್, ನಿಮ್ಮ ಕೈಯಲ್ಲಿ."

ನಾನು ಕೀಲಿ ತಿರುಗಿಸಿದಾಗ ಅವರು ನನ್ನ ಹೆಂಡತಿಯ ಹತ್ತಿರ ಸೋಪು ಕೇಳುತ್ತಿದ್ದರು. ಎಂಜಿನ್ ಸದ್ದಿಗೆ ಅವರು ದನಿಯನ್ನು ಸ್ವಲ್ಪ ಏರಿಸಬೇಕಾಯಿತು, ಅಷ್ಟೆ.