ಕೆರೆಮನೆಯ ಒದ್ದೆ ಗೋಡೆ

ಬಂದರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ಕೆರೆ ಇತ್ತು. ಊರಿಗೆಲ್ಲ ನೀರುಣಿಸುವಂಥ ಕೆರೆಯಲ್ಲ; ನಾಲ್ಕು ಕಡೆ ಮುರಕಲ್ಲು ಕಟ್ಟಿದ, ಒಂದು ಮನೆಯ ಹೆಂಗಸರಿಗೆ ಸಾಲುವಷ್ಟು ಅಗಲದ್ದು. ಅದರ ದಂಡೆಗೆ ಒರಗಿಕೊಂಡಂತೆ ಹಂಚಿನ ಮಾಡಿನ ಒಂದು ಕೋಣೆ. ನಾವು ಅದನ್ನು ಕೆರೆಮನೆ ಎನ್ನುತ್ತಿದ್ದೆವು. ಕೋಣೆಯ ಒಳಗಿನಿಂದಲೇ ಒಂದು ಬಾಗಿಲು, ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲು ಇಳಿದರೆ ನೀರು. ಮನೆಯ ಹೆಂಗಸರು ಹೊರಗಿನವರ ಕಣ್ಣಿಗೆ ಬೀಳದೆ ಸ್ನಾನ ಮಾಡಲಿ ಎಂದು ಯಾರೋ ಹಿರಿಯರು ಕಟ್ಟಿಸಿದ್ದು.

ನಾವು ಗಟ್ಟಿಯಾಗಿ ನಗುತ್ತಿದ್ದ ಜಾಗ ಅದೊಂದೇ. ಮನೆಯೊಳಗೆ ನಕ್ಕರೆ ಉಮ್ಮ, ಅಂದರೆ ನಮ್ಮ ತಾಯಿ, ಕಣ್ಣು ಬಿಡುತ್ತಿದ್ದರು. ಹೊರಗೆ ನಗಲಿಕ್ಕೆ ನಾವು ಹೊರಗೆ ಹೋದರಲ್ಲವೇ? ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಮೆಟ್ಟಿಲಿನ ಮೇಲಿಂದ ಹಾರಿ, ಆಚೆ ದಂಡೆ ಮುಟ್ಟಿ, ಉಸಿರು ಬಿಡದೆ ತಿರುಗಿ ಬರುತ್ತಿದ್ದಳು. ನಾನು ಮೆಟ್ಟಿಲಿನಲ್ಲಿ ಕುಳಿತು ಕಾಲು ಬಡಿಯುತ್ತಿದ್ದೆ. ಕೆರೆಮನೆಯ ಒಳಗೆ ಎಣ್ಣೆ, ಸೀಗೆಪುಡಿ, ಒದ್ದೆ ಬಟ್ಟೆ ಎಲ್ಲದರ ವಾಸನೆ ಗೋಡೆಗೇ ಅಂಟಿತ್ತು. ಐವತ್ತರ ದಶಕದ ನನ್ನ ನೆನಪಿಗೆಲ್ಲ ಆ ವಾಸನೆಯೇ ಉಂಟು.

ಅರವತ್ತರ ದಶಕ ಶುರುವಾದ ಹೊಸತರಲ್ಲಿ ಅಕ್ಕನಿಗೆ ಸಂಬಂಧ ಬಂತು. ಹುಡುಗ ಬಂದರಿನವನೇ, ಬೊಂಬಾಯಿಯಲ್ಲಿ ವ್ಯಾಪಾರ. ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ, ಉಳಿದ ತಿಂಗಳು ಇಲ್ಲಿ. ಒಣಮೀನಿನ ಗೋದಾಮಿನಿಂದ ಬಾಪ, ನಮ್ಮ ತಂದೆ, ಮನೆಗೆ ಬಂದವರು ಕಾಲು ತೊಳೆಯುವ ಮೊದಲೇ ಸುದ್ದಿ ಹೇಳಿದರು. ಅಷ್ಟು ಸಂತೋಷ. ಸಂತೋಷದ ಹಿಂದೆಯೇ ಚಿಂತೆಯೂ ಬಂತು: ಕೋಣೆ ಎಲ್ಲಿ?

ನಮ್ಮ ಬ್ಯಾರಿ ಮುಸ್ಲಿಮರಲ್ಲಿ, ಬಂದರಿನ ಕಡೆ, ಮದುವೆಯಾದ ಹೆಣ್ಣು ತವರಿನಲ್ಲೇ ಇರುತ್ತಾಳೆ. ಗಂಡ ಸಂಜೆ ಹೆಂಡತಿಯ ಮನೆಗೆ ಬರುತ್ತಾನೆ, ಬೆಳಿಗ್ಗೆ ತಿಂಡಿ ತಿಂದು ತನ್ನ ಕೆಲಸಕ್ಕೆ ಹೋಗುತ್ತಾನೆ. ಹಾಗಾಗಿ ಹೆಣ್ಣು ಹೆತ್ತವರು ಎಲ್ಲಕ್ಕಿಂತ ಮೊದಲು ಅಳಿಯನಿಗೊಂದು ಕೋಣೆ ಜೋಡಿಸಬೇಕು. ಅದಕ್ಕೆ ಅರೆ ಎನ್ನುತ್ತೇವೆ. ನಮ್ಮ ಮನೆಯಲ್ಲಿದ್ದ ಎರಡು ಅರೆಗಳನ್ನು ಮೇಲಿನ ಇಬ್ಬರು ಅಕ್ಕಂದಿರು ಮತ್ತು ಅವರ ಮಕ್ಕಳು ಆಗಲೇ ತುಂಬಿದ್ದರು. ಬಾಪ ಎರಡು ದಿನ ಅಂಗಳದಲ್ಲಿ ಶತಪಥ ಹಾಕಿದರು. ಮೂರನೆಯ ದಿನ ಹಿತ್ತಿಲಿಗೆ ಹೋಗಿ ಕೆರೆಮನೆಯ ಮುಂದೆ ನಿಂತರು.

ಮೇಸ್ತ್ರಿ ಬಂದ. ಗಂಡಸರು ಕೆಲಸ ಮಾಡುವಾಗ ನಾವು ಹಿತ್ತಿಲಿಗೆ ಇಳಿಯುವಂತಿಲ್ಲ. ಅಡುಗೆಮನೆಯ ಕಿಟಕಿಯ ಸಂದಿಯಲ್ಲಿ ಇಣುಕುವುದಷ್ಟೇ. ಬಟ್ಟೆ ಒಗೆಯುವ ಕಲ್ಲು ಹೊರಗೆ ಬಂತು. ಸೀಗೆಪುಡಿ ಇಡುತ್ತಿದ್ದ ಗೂಡು ಮುಚ್ಚಿಹೋಯಿತು. ಮಾಡಿನ ಅಡಿಗೆ ಹಲಗೆ ಹೊಡೆದರು. ನೆಲಕ್ಕೆ ಕೆಂಪು ಸಿಮೆಂಟು ಹಾಕಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದರು. ಹಳೆಯ ಸುಣ್ಣದ ಗಾರೆ ಕೆರೆದು ಗೋಡೆಗೂ ಸಿಮೆಂಟು ಮೆತ್ತಿದರು. ಸಿಮೆಂಟು ಆಗ ದೊಡ್ಡಸ್ತಿಕೆಯ ವಸ್ತು, ಅದರ ಮೇಲೆ ಎಲ್ಲರಿಗೂ ಭಾರೀ ನಂಬಿಕೆ. ಬಣ್ಣ ಗಿಳಿಹಸಿರು. ಅದನ್ನು ಆರಿಸಿದ್ದು ಉಮ್ಮ. ಯಾರೂ ಬೇಡ ಎನ್ನುವ ಧೈರ್ಯ ಮಾಡಲಿಲ್ಲ.

ಕೊನೆಗೆ ಉಳಿದದ್ದು ಕೆರೆಗೆ ಇಳಿಯುವ ಬಾಗಿಲು. ಮೇಸ್ತ್ರಿ ಅಲ್ಲಿ ಕಲ್ಲು ತಂದು ರಾಶಿ ಹಾಕಿದ ದಿನ ಅಕ್ಕ ಬಾಪನ ಎದುರು ನಿಂತಳು. ಅವಳು ಬಾಪನ ಎದುರು ನಿಂತು ಏನನ್ನಾದರೂ ಕೇಳಿದ್ದು ನಾನು ಅದೇ ಮೊದಲು ನೋಡಿದ್ದು.

"ಬಾಪಾ, ಆ ಬಾಗಿಲು ಇರ್ಲಿ. ಬೇಕಾದ್ರೆ ಬೀಗ ಹಾಕುವ."

"ಹೇಗೆ ಮಗಳೇ? ಆಚೆ ಬದಿ ಮನೆಯ ಹೆಂಗಸರು ಮೀಯ್ತಾರೆ. ಅಳಿಯ ಇರುವ ಕೋಣೆಯ ಬಾಗಿಲು ಅತ್ತ ತೆರೆಯುವುದುಂಟಾ? ನೋಡಿದವರು ಎಂತ ಹೇಳಿಯಾರು?"

ಬಾಪ ಹೇಳಿದ್ದು ನಮ್ಮ ಲೆಕ್ಕದಲ್ಲಿ ಸರಿಯೇ. ಬಾಗಿಲು ಹೋಯಿತು, ಪಕ್ಕದ ಕಿಟಕಿಯೂ ಹೋಯಿತು. ನಮಗೆ ಮೀಯಲು ಕೆರೆಯ ಆಚೆ ಮೂಲೆಯಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟಿಸಿದರು. ಅಕ್ಕ ಮತ್ತೆ ಕೆರೆಗೆ ಹಾರಲಿಲ್ಲ. ಮದುಮಗಳಾಗುವವಳು ಹಾರಬಾರದು ಎಂದು ಉಮ್ಮ ಹೇಳಿದ್ದರು.

ಮದುವೆ ಬೇಸಗೆಯಲ್ಲಿ ಆಯಿತು. ಅರೆಯಲ್ಲಿ ತೇಗದ ಮಂಚ, ಕನ್ನಡಿಯ ಕಪಾಟು, ಜರಿಯ ಹೊದಿಕೆ. ನೆಂಟರು ಸಾಲಾಗಿ ಬಂದು ನೋಡಿ ಹೋದರು. ಕೆರೆಮನೆ ಎಂದು ಹೇಳಿದರೆ ನಂಬಲಿಕ್ಕಿಲ್ಲ ಎಂದರು. ಬಾಪನ ಮುಖ ನೋಡಬೇಕಿತ್ತು. ಭಾವ ಮಾತು ಕಡಿಮೆಯ ಮನುಷ್ಯ. ತಲೆ ತಗ್ಗಿಸಿ ಬರುತ್ತಿದ್ದರು, ತಲೆ ತಗ್ಗಿಸಿ ಹೋಗುತ್ತಿದ್ದರು. ಒಂದು ತಿಂಗಳಾದ ಮೇಲೆ ಬೊಂಬಾಯಿಗೆ ಹೋದರು.

ಅವರು ತಿರುಗಿ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಕೆರೆ ಕಂಠಮಟ್ಟ ತುಂಬಿತ್ತು. ಕೆರೆಯ ಬದಿಯ ಗೋಡೆ ಸೊಂಟದೆತ್ತರದವರೆಗೆ ಕಪ್ಪಾಗಿ, ಗಿಳಿಹಸಿರು ಬಣ್ಣ ಗುಳ್ಳೆ ಎದ್ದು, ಮುಟ್ಟಿದರೆ ಕೈಗೆ ಬರುತ್ತಿತ್ತು. ಭಾವ ಎರಡು ಸಲ ಬಂದರು. ಮೂರನೆಯ ಸಂಜೆ ಬರಲಿಲ್ಲ. ಆ ವಾರ ಬರಲಿಲ್ಲ. ಎರಡು ಓಣಿ ಆಚೆ ತಾಯಿಯ ಮನೆಯಲ್ಲೇ ಇದ್ದಾರೆಂದು ಬಂದರಿಗೆಲ್ಲ ಗೊತ್ತಿತ್ತು.

ನಮ್ಮಲ್ಲಿ ಅಳಿಯನಿಗೆ ಏನಾದರೂ ಕೊರತೆ ಅನಿಸಿದರೆ ಬಾಯಿಬಿಟ್ಟು ಹೇಳುವುದಿಲ್ಲ, ಬರುವುದನ್ನು ಕಡಿಮೆ ಮಾಡುತ್ತಾನೆ. ಹೆಣ್ಣಿನ ಮನೆಯವರೂ ಬಾಯಿಬಿಟ್ಟು ಕೇಳುವುದಿಲ್ಲ. ಎಲ್ಲಿ ಕಡಿಮೆಯಾಯಿತೆಂದು ತಾವೇ ಹುಡುಕಿ ಸರಿಪಡಿಸುತ್ತಾರೆ. ಇದಕ್ಕೆ ಮರ್ಯಾದೆ ಎಂದು ಹೆಸರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಎರಡು ಓಣಿ ನಡೆದು ಹೋಗಿ "ಎಂತ ಮಾರಾಯ, ಯಾಕೆ ಬರುವುದಿಲ್ಲ?" ಎಂದು ಒಂದು ಮಾತು ಕೇಳಲಾಗದವರು ಮರ್ಯಾದಸ್ತರು!

ಕೇಳುವ ಬದಲು ಬಾಪ ಮೇಸ್ತ್ರಿಯನ್ನು ಕರೆದರು. ಗೋಡೆ ಕೆರೆದು ಮತ್ತೆ ಸಿಮೆಂಟು ಹಾಕಿಸಿದರು. ಅದೂ ಬೆವರಿತು. ಡಾಂಬರು ಬಳಿಸಿದರು, ಮಲಗುವ ಕೋಣೆಗೆ ರಸ್ತೆಯ ವಾಸನೆ ಬಂತು. ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡಿಸಿದರು, ಲೋಬಾನದ ಹೊಗೆ ಹಾಕಿಸಿದರು. ಮರುವರ್ಷ ಆ ಗೋಡೆಗೆ ಒಳಗಿನಿಂದ ಇನ್ನೊಂದು ಗೋಡೆ ಕಟ್ಟಿಸಿದರು. ಕೋಣೆ ಅಷ್ಟು ಸಣ್ಣದಾಯಿತು, ಮಂಚ ಎಳೆದು ಕಪಾಟಿಗೆ ತಾಗಿಸಬೇಕಾಯಿತು. ಹೊಸ ಗೋಡೆಯೂ ಒದ್ದೆ. ಭಾವ ಊರಲ್ಲಿದ್ದಾಗ ತಿಂಗಳಿಗೊಮ್ಮೆ ಬಂದು ಮುಖ ತೋರಿಸುತ್ತಿದ್ದರು, ಆಮೇಲೆ ಅದೂ ನಿಂತಿತು.

ಉಮ್ಮ ಮಾತ್ರ ದಿನಾ ಸಂಜೆ ಅಕ್ಕಿಹಿಟ್ಟು ಬೇಯಿಸಿ ಅಳಿಯನಿಗೆಂದು ತೆಳ್ಳಗಿನ ಪತ್ತಿರ್ ತಟ್ಟುತ್ತಿದ್ದರು. ಯಾವ ಸಂಜೆ ಬಂದರೂ ಬಡಿಸಲಿಕ್ಕೆ ಇರಬೇಕಲ್ಲ. ಬೆಳಿಗ್ಗೆ ಅದನ್ನು ತಿನ್ನುತ್ತಿದ್ದವಳು ನಾನು. ಆ ವರ್ಷಗಳಲ್ಲಿ ನಾನು ದಪ್ಪಗಾದೆ. ಅಕ್ಕ ಸೊರಗಿದಳು. ನೆಂಟರು ಬಂದರೆ ಅಕ್ಕನ ಮುಖ ನೋಡಿ, ಗೋಡೆ ನೋಡಿ, "ಒಣಗಿದ ಮೇಲೆ ಎಲ್ಲ ಸರಿಯಾಗ್ತದೆ" ಎಂದು ಹೇಳಿ ಹೋಗುತ್ತಿದ್ದರು. ಅಕ್ಕ ಹೂಂಗುಟ್ಟುತ್ತಿದ್ದಳು. ಆ ಹೂಂ ಕೇಳಿದರೆ ನನಗೆ ಅಳು ಬರುತ್ತಿತ್ತು.

ಮೂರನೆಯ ಬೇಸಗೆ ಭಯಂಕರ ಸೆಕೆಯದು. ಕೆರೆಯ ತಳದ ಕಲ್ಲು ಕಾಣುತ್ತಿತ್ತು. ಮೂಲೆಯಲ್ಲಿ ಒಂದಿಷ್ಟು ಹಸಿರು ನೀರು, ಅಷ್ಟೇ. ಭಾವ ಬೊಂಬಾಯಿಯಿಂದ ಬಂದಿದ್ದರು. ಬಾಪ ದಿನಾ ಊಟಕ್ಕೆ ಬಂದಾಗ ಅರೆಗೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದರು. ದಿನಾ ಒದ್ದೆ. "ಇದೆಂತ ಗೋಡೆಯಪ್ಪಾ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಮನೆಯವರೆಲ್ಲ ಊಟಕ್ಕೆ ಮೊದಲಿನ ನಮಾಜಿನಲ್ಲಿದ್ದಾಗ ನಾನು ಏನೋ ಕೇಳಲೆಂದು ಅಕ್ಕನ ಕೋಣೆಗೆ ಹೋದೆ. ಬಾಗಿಲು ಓರೆಯಾಗಿತ್ತು. ಅಕ್ಕ ಕೈಕಾಲು ತೊಳೆಯುವ ಗಿಂಡಿ ಹಿಡಿದು ಗೋಡೆಗೆ ನೀರು ಹಾಕುತ್ತಿದ್ದಳು. ಗಿಡಕ್ಕೆ ಹಾಕುವ ಹಾಗೆ, ನಿಧಾನಕ್ಕೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ. ನೆಲಕ್ಕೆ ಬಿದ್ದದ್ದನ್ನು ಕಾಲಲ್ಲಿ ಬಟ್ಟೆ ಎಳೆದು ಒರೆಸುತ್ತಿದ್ದಳು. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ.

"ಅಕ್ಕಾ, ಎಂತ ಮಾಡ್ತಾ ಇದ್ದಿ ನೀನು?"

"ಅವರಿಗೆ ಬೊಂಬಾಯಿಯಲ್ಲಿ ಹೆಂಡತಿ ಉಂಟು" ಎಂದಳು ಅಕ್ಕ. "ಮಗುವೂ ಉಂಟು. ತಾಯಿಯ ಹಟಕ್ಕೆ ನನ್ನನ್ನು ಕಟ್ಟಿಕೊಂಡದ್ದಂತೆ. ಮದುವೆಯಾದ ತಿಂಗಳಲ್ಲೇ ಹೇಳಿದ್ದಾರೆ."

"ಬಾಪನಿಗೆ ಹೇಳ್ಬಾರ್ದಾ?"

"ಹೇಳಿ? ನಿನಗೆ ಇನ್ನೂ ಮದುವೆ ಆಗ್ಲಿಕ್ಕುಂಟು." ಗಿಂಡಿ ಕೆಳಗಿಟ್ಟಳು. "ಗೋಡೆ ಒದ್ದೆ ಇರುವಷ್ಟು ದಿವಸ ಅವರು ಬಾರದ್ದು ಗೋಡೆಯ ತಪ್ಪು. ಒಣಗಿದ ಮೇಲೆ ನನ್ನ ತಪ್ಪಾಗ್ತದೆ. ಗೊತ್ತಾಯ್ತಾ?"

ನನಗೆ ಗೊತ್ತಾಯಿತು. ನಾನು ಅವಳ ಕೈ ಹಿಡಿದುಕೊಂಡೆ, ಕೈ ತಣ್ಣಗಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಬಾಪನ ಮೆಟ್ಟಿನ ಸದ್ದು. ಅಕ್ಕ ಗಿಂಡಿಯನ್ನು ಮಂಚದ ಅಡಿಗೆ ತಳ್ಳಿದಳು.

ಬಾಪ ಒಳಗೆ ಬಂದು ಎಂದಿನಂತೆ ಗೋಡೆಗೆ ಅಂಗೈ ಇಟ್ಟರು. ನೀರು ಬೆರಳಿನ ಸಂದಿಯಿಂದ ಇಳಿದು ಮೊಣಕೈವರೆಗೆ ಬಂತು. ಅವರು ಕೈಯನ್ನು ನೋಡಿದರು. ನೆಲದ ಒದ್ದೆ ಬಟ್ಟೆ ನೋಡಿದರು. ಮಂಚದ ಅಡಿಯಿಂದ ಗಿಂಡಿಯ ಮೂತಿ ಹೊರಗೆ ಕಾಣುತ್ತಿತ್ತು, ಅದನ್ನೂ ನೋಡಿದರು. ಬತ್ತಿದ ಕೆರೆಯ ಬದಿಯಿಂದಲೇ ಅವರು ನಡೆದು ಬಂದಿದ್ದರು. ಆಮೇಲೆ ಅಕ್ಕನ ಮುಖ ನೋಡಿದರು, ತುಂಬ ಹೊತ್ತು. ಅಕ್ಕ ತಲೆ ತಗ್ಗಿಸಲಿಲ್ಲ.

"ಹೌದು" ಎಂದರು ಬಾಪ. "ಇನ್ನೂ ಒದ್ದೆ ಉಂಟು. ನಾಳೆ ಮೇಸ್ತ್ರಿಯನ್ನು ಕರೀತೇನೆ."

ಮರುದಿನ ಮೇಸ್ತ್ರಿ ಸಿಮೆಂಟು ಕಲಸಲು ಹೊರಟಾಗ ಬಾಪ ಬೇಡ ಎಂದು ಕೈ ಮಾಡಿದರು. ಕೆರೆಯ ಬದಿಯ ಗೋಡೆಯ ನಡುವೆ ಬೆರಳಿನಿಂದ ಒಂದು ಬಾಗಿಲಿನ ಆಕಾರ ಬರೆದು ತೋರಿಸಿದರು.

"ಇಷ್ಟನ್ನು ಒಡೆದು ತೆಗಿ."

"ಅಲ್ಲ ಧಣಿ, ಅತ್ತ ಹೆಂಗಸರು ಮೀಯುವ ಜಾಗ ಅಲ್ವಾ?" ಎಂದ ಮೇಸ್ತ್ರಿ.

"ಹೌದು. ಗಾಳಿ ಇಲ್ಲದೆ ಗೋಡೆ ಹಾಳಾದದ್ದು. ತೆಗಿ."

ಅಡುಗೆಮನೆಯ ಕಿಟಕಿಯಲ್ಲಿದ್ದ ಉಮ್ಮನಿಗೆ ಇದು ಕೇಳಿತು. ಹೆಂಗಸರ ಕೆರೆಗೆ ಬಾಗಿಲು ತೆರೆದಿಟ್ಟ ಕೋಣೆಗೆ ಅಳಿಯನನ್ನು ಕರೆಯುವುದಿಲ್ಲ ಎಂದು ಉಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲ ಏಟು ಬಿದ್ದಾಗ ಅವರು ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿ ಕುಳಿತರು. ಮನೆಯಿಂದ ಸತ್ತವರ ಮಯ್ಯತ್ತು ಎತ್ತುವಾಗ ಹಾಗೆ ಕೂರುತ್ತಾರೆ. ನಾನು ಹತ್ತಿರ ಹೋದರೆ ದೂಡಿದರು.

ಮಧ್ಯಾಹ್ನದ ಹೊತ್ತಿಗೆ ಕಲ್ಲು ಬಿದ್ದು ಬೆಳಕು ಒಳಗೆ ಬಂತು. ಕಪಾಟಿನ ಕನ್ನಡಿಯಲ್ಲಿ ಬತ್ತಿದ ಕೆರೆ ಕಂಡಿತು. ಮೇಸ್ತ್ರಿ ಹೋದ ಮೇಲೆ ಅಕ್ಕ ಕೋಣೆಯೊಳಗಿಂದ ನಡೆದು ಮೆಟ್ಟಿಲಿನ ಮೇಲೆ ಕುಳಿತಳು. ಕೆಳಗೆ ಹಾರಲು ನೀರಿರಲಿಲ್ಲ. ಬಾಪ ಗೋದಾಮಿನಲ್ಲಿ ಕೇಳಿದವರಿಗೆಲ್ಲ ಗೋಡೆಗೆ ಗಾಳಿ ಬೇಕಿತ್ತು ಎಂದೇ ಹೇಳಿದರಂತೆ. ಸಾಯುವವರೆಗೂ ಅದನ್ನೇ ಹೇಳಿದರು.

ಆ ಸಂಜೆ ಉಮ್ಮ ಪತ್ತಿರ್ ತಟ್ಟಲಿಲ್ಲ.