ಮಡಿಗೊಂದು ಶಾಲು

ಹತ್ತು ಬೆರಳುಗಳನ್ನು ಕೊಟ್ಟು, ಎಪ್ಪತ್ತು ದಾಟಿದ ಮೇಲೂ ಅವುಗಳಲ್ಲಿ ಬಹುಪಾಲನ್ನು ನನ್ನ ಮಾತು ಕೇಳುವಂತೆ ಉಳಿಸಿರುವ ಪರಮಾತ್ಮನಿಗೆ ಮೊದಲ ನಮಸ್ಕಾರ. ಜಗಲಿಯ ಮೇಲೆ ಕೂರಿಸಿಕೊಂಡು ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ತಂದೆಗೂ, ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ಸೈಕಲ್ ಚಕ್ರದ ಎರಡು ಕಡ್ಡಿಗಳನ್ನು ನನ್ನ ಕೈಗಿತ್ತು ಮೊದಲ ಸಾಲು ಹೆಣೆಯಿಸಿದ ಸೋದರತ್ತೆಗೂ ಅನಂತರದ ನಮಸ್ಕಾರಗಳು. ನಮ್ಮ ತಿಪಟೂರಿನ ಧನುರ್ಮಾಸದ ಚಳಿಗೂ ನಾನು ಋಣಿ. ಅದು ಇಲ್ಲದೆ ಹೋಗಿದ್ದರೆ ನನ್ನ ಹವ್ಯಾಸಕ್ಕೆ ಯಾವ ಸಮರ್ಥನೆಯೂ ಇರುತ್ತಿರಲಿಲ್ಲ.

ಬಸ್ಸಿನಲ್ಲಿ ಕುಳಿತು ಹೆಣೆಯುವವರಿಗೆ ಒಂದು ಸಂಗತಿ ಬೇಗ ತಿಳಿಯುತ್ತದೆ. ಪಕ್ಕದವರು ಏನು ಹೆಣೆಯುತ್ತಿದ್ದೀರಿ ಎಂದು ಕೇಳುವುದೇ ಇಲ್ಲ, ಯಾರಿಗೆ ಎಂದು ಕೇಳುತ್ತಾರೆ. ತುರುವೇಕೆರೆಯ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸುತ್ತ ತಿಪಟೂರಿನಿಂದ ದಿನವೂ ಹೋಗಿಬರುತ್ತಿದ್ದ ನನ್ನ ವೃತ್ತಿಜೀವನವೆಲ್ಲ ಈ ಪ್ರಶ್ನೆಗೆ ಉತ್ತರ ಹೇಳುವುದರಲ್ಲೇ ಕಳೆಯಿತು. ಅಣ್ಣನ ಮಗನಿಗೆ, ಮುಖ್ಯೋಪಾಧ್ಯಾಯರ ಮೊಮ್ಮಗಳಿಗೆ, ಎದುರುಮನೆಯ ಬಾಣಂತಿಗೆ. ಹೀಗೆ ಪ್ರೀತಿಯಿಂದ ಬೀಳ್ಕೊಟ್ಟ ಸ್ವೆಟರುಗಳನ್ನು ಆಮೇಲೆ ನಾನು ಎಲ್ಲೆಲ್ಲಿ ಕಂಡಿಲ್ಲ? ಒಂದು ಸ್ಕೂಟರಿನ ಸೀಟು ಒರೆಸುತ್ತಿತ್ತು, ಇನ್ನೊಂದು ಎಳೆಗರುವಿನ ಬೆನ್ನ ಮೇಲಿತ್ತು. ಕರುವಿಗೆ ಅದು ಸರಿಯಾಗಿ ಹೊಂದಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಧಾತುರೂಪಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲ ನಾನು ಎರಡು ತೋಳುಗಳನ್ನು ಒಂದೇ ಉದ್ದಕ್ಕೆ ಹೆಣೆಯುವ ವಿದ್ಯೆಯಲ್ಲಿ ಕಡೆಯವರೆಗೂ ವಿದ್ಯಾರ್ಥಿನಿಯಾಗಿಯೇ ಉಳಿದೆ.

ಇದಲ್ಲದೆ ನನಗೆ ಟ್ಯಾಟಿಂಗ್ ಎಂಬ ಇನ್ನೊಂದು ಗೀಳೂ ಇದೆ. ಪುಟ್ಟ ದೋಣಿಯಂಥ ಲಾಳಿಗೆ ದಾರ ಸುತ್ತಿಕೊಂಡು, ಬೆರಳ ಮೇಲೆಯೇ ಗಂಟು ಹಾಕುತ್ತ ಹಾಕುತ್ತ ಉಂಗುರ ಉಂಗುರವಾಗಿ ಲೇಸು ಬೆಳೆಸುವ ಕೆಲಸ ಅದು. ಕೊಬ್ಬರಿ ಸುಲಿಯುವ ಊರಿನಲ್ಲಿ ಕರಟಕ್ಕೆ ಬರವೇ? ನಮ್ಮ ಯಜಮಾನರು ಬದುಕಿದ್ದಾಗ ಒಂದು ಕರಟವನ್ನು ಗಾಜಿನ ಚೂರಿನಿಂದ ಹೆರೆದು ಹೆರೆದು ನನಗೊಂದು ಲಾಳಿ ಮಾಡಿಕೊಟ್ಟರು. ಹೆಣಿಗೆಗೂ ಇದಕ್ಕೂ ಸ್ವಭಾವದಲ್ಲಿ ಬಹಳ ಅಂತರ. ಹೆಣಿಗೆಯಲ್ಲಿ ತಪ್ಪಿದರೆ ತುದಿ ಹಿಡಿದೆಳೆದು ಎಲ್ಲವನ್ನೂ ಬಿಚ್ಚಿ ಮತ್ತೆ ಉಂಡೆ ಸುತ್ತಬಹುದು. ಟ್ಯಾಟಿಂಗಿನ ಗಂಟು ಒಮ್ಮೆ ಬಿಗಿದರೆ ಬಿಗಿದಂತೆಯೇ. ಕತ್ತರಿಯಲ್ಲದೆ ಅದಕ್ಕೆ ಬೇರೆ ಪ್ರಾಯಶ್ಚಿತ್ತವಿಲ್ಲ.

ಇನ್ನು ಹೇಳಬೇಕಾದದ್ದು ನನ್ನ ಓರಗಿತ್ತಿಯ ವಿಷಯ. ನಮ್ಮ ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಎಂದೇ ಕರೆಯುವುದು. ಹೊನ್ನವಳ್ಳಿಯ ತೋಟದ ಮನೆಯಲ್ಲಿ ಮಗ, ಸೊಸೆ ಗಿರಿಜ, ಮೊಮ್ಮಗಳು ಸಿಂಧು ಇವರೊಂದಿಗಿದ್ದಾರೆ. ಎಂಬತ್ತು ಕಳೆದಿದೆ, ಮಡಿ ಮಾತ್ರ ಒಂದೆಳೆಯಷ್ಟೂ ಸಡಿಲವಾಗಿಲ್ಲ. ಧನುರ್ಮಾಸದಲ್ಲಿ ಬೆಳಕು ಹರಿಯುವ ಮೊದಲೇ ತಲೆಗೆ ತಣ್ಣೀರೆರೆದುಕೊಂಡು, ಯಾರೂ ಮುಟ್ಟದಂತೆ ಗಳುವಿನ ಮೇಲೆ ಒಣಗಿಸಿದ ಸೀರೆಯುಟ್ಟು, ದೇವರಿಗೆ ಹುಗ್ಗಿ ಬೇಯಿಸುತ್ತಾರೆ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವರ ಆಚಾರವನ್ನು ಕಂಡು ಭಕ್ತಿಯಿಂದ ತಲೆಬಾಗಿದ್ದೆ. ತಿಪಟೂರಿನಲ್ಲಿ ಬೇರೆ ಮನೆ ಮಾಡಿ, ಕೆಲಸಕ್ಕೆ ಸೇರಿ ಬಸ್ಸು ಹತ್ತಿದ ದಿನದಿಂದ ಆ ಅಡುಗೆಮನೆಯ ಹೊಸ್ತಿಲು ನನ್ನ ಪಾಲಿಗೆ ಎತ್ತರವಾಯಿತು. ಹತ್ತು ಜನ ಕೂತೆದ್ದ ಸೀಟಿನಲ್ಲಿ ಕೂತು, ಹತ್ತು ಜನರೊಂದಿಗೆ ಡಬ್ಬಿ ಬಿಚ್ಚಿ ಉಂಡು ಬರುವವಳು ಸ್ನಾನ ಮಾಡಿಬಂದರೂ ಒಳಗೆ ಸಲ್ಲುತ್ತಿರಲಿಲ್ಲ. ಅಕ್ಕ ಎಂದೂ ಗದರಲಿಲ್ಲ. ‘ನೀನು ಅಲ್ಲೇ ಕೂತ್ಕೋ ಕಮಲಾ, ದಣಿದು ಬಂದಿದೀಯ’ ಎನ್ನುತ್ತಿದ್ದರು, ಅಷ್ಟೆ. ನಿವೃತ್ತಳಾಗಿ ವರ್ಷಗಳು ಉರುಳಿದರೂ ನಾನು ಅಲ್ಲೇ, ಹೊಸ್ತಿಲಿನ ಈಚೆಗೇ ಕೂತಿದ್ದೆ. ದೇವರ ಹೆಸರನ್ನು ಇಷ್ಟು ವಿಭಕ್ತಿಗಳಲ್ಲಿ ಬಲ್ಲ ನನ್ನ ಕೈಯ ಒಂದು ಹಿಡಿ ಅನ್ನ ಆ ಮನೆಯಲ್ಲಿ ದೇವರ ಮುಂದೆ ಹೋಗಲಿಲ್ಲ.

ಮಡಿಗೆ ಒಂದು ಔದಾರ್ಯವಿದೆ. ಹತ್ತಿಯ ಬಟ್ಟೆ ಒಬ್ಬರ ಕೈ ಸೋಕಿದರೂ ಕೆಡುತ್ತದೆ. ರೇಷ್ಮೆಗೂ ಉಣ್ಣೆಗೂ ಆ ಭಯವಿಲ್ಲ. ಉಣ್ಣೆಯನ್ನು ಯಾರು ಮುಟ್ಟಿದರೂ, ಯಾರು ನೇಯ್ದರೂ ಅದು ಮಡಿಯೇ. ಅದಕ್ಕೇ ಹಿರಿಯರು ಚಳಿಗೆ ಉಣ್ಣೆಯ ಧಾಬಳಿ ಹೊದೆಯುತ್ತಿದ್ದರು. ಅಕ್ಕನಿಗೆ ಅತ್ತೆಯಿಂದ ಬಂದಿದ್ದ ಧಾಬಳಿ ನುಸಿ ತಿಂದು ಜರಡಿಯಾಗಿತ್ತು. ಒಂದು ಚಳಿಗಾಲ ಒಲೆಯ ಮುಂದೆ ಅವರ ಭುಜಗಳು ನಡುಗುತ್ತಿದ್ದುದನ್ನು ಹೊಸ್ತಿಲಿನ ಈಚೆಯಿಂದ ಕಂಡೆ. ಅವರಿಗೊಂದು ಶಾಲು ಹೆಣೆದುಕೊಡಬೇಕೆಂಬ ಯೋಚನೆ ಅಲ್ಲಿ ಹುಟ್ಟಿತು. ಪೂರ್ತಿ ನಿಸ್ವಾರ್ಥವಾದ ಯೋಚನೆ ಎಂದರೆ ನೀವು ನಂಬಬೇಡಿ. ನಾನು ಹೋಗಲಾಗದ ಕಡೆಗೆ ನನ್ನ ಬೆರಳ ಕೆಲಸವಾದರೂ ಹೋಗಲಿ ಎಂಬ ಹಂಬಲ ಅದರೊಳಗೆ ಬೆಚ್ಚಗೆ ಕುಳಿತಿತ್ತು.

ತಿಪಟೂರಿನ ಅಂಗಡಿಯಿಂದ ಒಳ್ಳೆಯ ಉಲ್ಲನ್ ಉಂಡೆಗಳನ್ನು ತಂದೆ. ಸುತ್ತಿದ ಕಾಗದದ ಮೇಲೆ ದಷ್ಟಪುಷ್ಟವಾದ ಒಂದು ಕುರಿಯ ಚಿತ್ರವಿತ್ತು. ಜೀವಮಾನವೆಲ್ಲ ನಾನು ಹೆಣೆದದ್ದು ಅಂಥದೇ ನೂಲಿನಲ್ಲಿ. ಉಣ್ಣೆಯೆಂದರೆ ಅದೇ ಎಂದು ನನ್ನ ಬೆರಳೂ ನಂಬಿತ್ತು, ವಿದ್ಯೆಯೂ ನಂಬಿತ್ತು. ಕಾವಿಯ ಮೈ, ಅಂಚಿಗೆ ಅದೇ ನೂಲಿನ ಟ್ಯಾಟಿಂಗಿನ ಸಣ್ಣ ಉಂಗುರಗಳು. ಅಕ್ಕ ಅದನ್ನು ಹೊದ್ದು ನೋಡಿ, ಅಂಚನ್ನು ಬೆರಳಲ್ಲಿ ಸವರಿ, ‘ಕೈ ಚೆನ್ನಾಗಿದೆ ಕಣೇ ನಿಂದು’ ಎಂದರು. ಅವರ ಬಾಯಿಂದ ನನ್ನ ಕೈಗೆ ಸಂದ ಮೊದಲ ಮಾತು ಅದು. ಎರಡು ಚಳಿಗಾಲ ಆ ಶಾಲು ಅಡುಗೆಮನೆಯಲ್ಲಿ, ದೇವರ ಮನೆಯಲ್ಲಿ ಓಡಾಡಿತು. ನಾನು ಹೊಸ್ತಿಲಿನ ಈಚೆ ಕೂತು, ಒಳಗೆ ಹೋದ ಮಗಳನ್ನು ನೋಡುವಂತೆ ಅದನ್ನು ನೋಡುತ್ತಿದ್ದೆ.

ಮೂರನೆಯ ಚಳಿಗಾಲದ ಒಂದು ಬೆಳಗ್ಗೆ ನಾನೂ ಅಲ್ಲಿದ್ದೆ. ಹುಗ್ಗಿ ಬೆಂದಿತ್ತು. ಅಕ್ಕ ಬಗ್ಗಿ ನಂದಾದೀಪಕ್ಕೆ ಎಣ್ಣೆ ಹಾಕುವಾಗ ಶಾಲಿನ ಮೂಲೆ ಜಾರಿ ದೀಪಕ್ಕೆ ತಗುಲಿತು. ಗಿರಿಜ ಓಡಿಹೋಗಿ ಒದ್ದೆ ಬಟ್ಟೆಯಿಂದ ಹಿಸುಕಿ ಆರಿಸಿದಳು. ಯಾರಿಗೂ ಏನೂ ಆಗಲಿಲ್ಲ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ಮನೆ ತುಂಬಿದ್ದು ಬೀದಿಯಲ್ಲಿ ಕ್ಯಾರಿಬ್ಯಾಗು ಸುಡುವಾಗ ಬರುವ ವಾಸನೆ. ಸಿಂಧು ತಿಪಟೂರಿನಲ್ಲಿ ರಸಾಯನಶಾಸ್ತ್ರ ಓದುವ ಹುಡುಗಿ. ಕರಗಿ ಕರಿಮಣಿಯಂತೆ ಗಟ್ಟಿಯಾದ ಅಂಚನ್ನು ಉಗುರಿನಿಂದ ಒತ್ತಿ ನೋಡಿದಳು.

‘ಇದು ಉಣ್ಣೆ ಅಲ್ಲ ಕಣಜ್ಜಿ. ಪ್ಲಾಸ್ಟಿಕ್ಕು.’

‘ಪ್ಲಾಸ್ಟಿಕ್ಕೇ?’ ಎಂದರು ಅಕ್ಕ.

‘ಹೂಂ. ನಮ್ಮ ಬಕೆಟ್ಟು ಮಗ್ಗು ಇಲ್ವಾ, ಅದರ ನೆಂಟರು.’

ಹುಡುಗಿ ತಮಾಷೆಗೆ ಹೇಳಿದ್ದು. ಅಕ್ಕ ಶಾಲನ್ನು ಭುಜದಿಂದ ಜಾರಿಸಿ ನೆಲಕ್ಕೆ ಬಿಟ್ಟರು, ಬೆಂದ ಹುಗ್ಗಿಯನ್ನು ಹಸುವಿಗೆ ಹಾಕಲು ಹೇಳಿದರು, ಸೀದಾ ಬಚ್ಚಲಿಗೆ ಹೋದರು. ಆ ಕೊರೆಯುವ ಬೆಳಗಿನಲ್ಲಿ ಆ ವಯಸ್ಸಿನ ದೇಹದ ಮೇಲೆ ಎರಡನೆಯ ಸಲ ತಣ್ಣೀರು ಬೀಳುವ ಸದ್ದನ್ನು ನಾನು ಕೂತಲ್ಲೇ ಕೇಳಿದೆ. ಗಿರಿಜ ಬಾಗಿಲ ಹೊರಗೆ ನಿಂತು, ‘ಬಿಸಿನೀರು ತರ್ತೀನಿ ಇರಿ ಅತ್ತೆ’ ಎಂದು ಬೇಡುತ್ತಿದ್ದಳು. ಒಳಗಿನಿಂದ ನಡುಗುವ ಧ್ವನಿ ಬಂತು.

‘ಎರಡು ವರ್ಷ ಇದನ್ನ ಹೊದ್ಕೊಂಡು ದೇವರಿಗೆ ಬಡಿಸ್ದೆನಲ್ಲೇ ಗಿರಿಜ. ಬಸ್ಸು ಸ್ಕೂಲು ಅಂತ ತಿರುಗಿದವಳ ಕೈಯಿಂದ ಇಸ್ಕೊಂಡೆನಲ್ಲ, ನಂದೇ ತಪ್ಪು.’

ನಾನು ಪಕ್ಕದಲ್ಲೇ ಇದ್ದೇನೆಂಬುದು ಅವರಿಗೆ ಮರೆತಿತ್ತೋ, ನೆನಪಿತ್ತೋ. ಯಾವುದಾದರೂ ಒಂದೇ. ಆ ಕುರಿಯ ಚಿತ್ರಕ್ಕೆ ಮೋಸಹೋದವಳು ನಾನು. ಆದರೆ ಅಕ್ಕ ಹೇಳಿದ್ದು ನೂಲಿನ ದೋಷವನ್ನಲ್ಲ, ಕೈಯ ದೋಷವನ್ನು. ನಾನು ಶಾಲನ್ನು ಮಡಿಸಿಕೊಂಡು ಬ್ಯಾಗಿಗೆ ಹಾಕಿ ಮೊದಲ ಬಸ್ಸಿಗೆ ತಿಪಟೂರಿಗೆ ಬಂದೆ. ಬಿಚ್ಚಿ ಉಂಡೆ ಸುತ್ತೋಣವೆಂದರೆ ಅಂಚಿನ ಗಂಟುಗಳು ಬಿಡಲಿಲ್ಲ. ಕತ್ತರಿಸಿದೆ.

ಆ ಬೇಸಿಗೆಯೆಲ್ಲ ನನ್ನನ್ನು ಹಠವೊಂದು ಆಳಿತು. ಹುಳಿಯಾರಿನ ಆಚೆ ಕಂಬಳಿ ನೇಯುವವರಿದ್ದಾರೆಂದು ಕೇಳಿ ಅಲ್ಲಿಗೆ ಹೋದೆ. ಮಗ್ಗದ ಮುಂದಿದ್ದ ಹಿರಿಯರು ನನ್ನ ಕಡ್ಡಿಗಳನ್ನು ನೋಡಿ ನಕ್ಕರು.

‘ಬುಡಿ ತಾಯಿ, ಈ ನೂಲು ನಿಮ್ ಕಡ್ಡಿಗೆ ಬಗ್ಗಾಕಿಲ್ಲ. ಕಂಬ್ಳೀನೇ ತಗಂಡೋಗಿ.’

‘ಬಗ್ಗಿಸ್ತೀನಿ, ಕೊಡಪ್ಪ.’

‘ಕುರಿಗಿಂತ ಹಠ ಕಣ್ರೀ ನಿಮ್ದು’ ಎಂದು ತೂಗಿ ಕೊಟ್ಟರು.

ಅಂಟುವಾಳದ ನೊರೆಯಲ್ಲಿ ಎಷ್ಟು ತೊಳೆದರೂ ಆ ನೂಲು ತನ್ನ ಜನ್ಮಸ್ಥಾನವನ್ನು ಮರೆಯಲಿಲ್ಲ. ಹೆಣೆಯುವಾಗ ಬೆರಳಿನ ಚರ್ಮ ಕಿತ್ತುಬಂತು. ಒಂದೆಳೆಯನ್ನು ನಾನೇ ದೀಪಕ್ಕೆ ಹಿಡಿದು ನೋಡಿದೆ. ಕೂದಲಿನ ವಾಸನೆ ಬಂದು ಬೂದಿಯಾಗಿ ಉದುರಿತು. ಅಷ್ಟು ತೃಪ್ತಿಯಿಂದ ನಾನು ಯಾವ ಧೂಪವನ್ನೂ ಮೂಸಿದ್ದಿಲ್ಲ. ನಿಜವಾದ ಉಣ್ಣೆ ಏನೆಂದು ಈ ವಯಸ್ಸಿನಲ್ಲಿ ನನ್ನ ಬೆರಳು ಕಲಿಯಿತು, ನಕಲಿಯೂ ಅದರಿಂದಲೇ ತಿಳಿಯಿತು. ಮುಂದಿನ ಧನುರ್ಮಾಸಕ್ಕೆ ಶಾಲು ಸಿದ್ಧವಾಗಿತ್ತು.

ಹೊನ್ನವಳ್ಳಿಯಲ್ಲಿ ಅಕ್ಕ ಪೂಜೆ ಮುಗಿಸಿ, ಮಡಿಯಲ್ಲೇ, ಒಲೆಯ ಬಳಿ ಕೂತಿದ್ದರು. ಹೊಸ್ತಿಲಿನಿಂದಲೇ ಶಾಲನ್ನು ಚಾಚಿದೆ. ಅಸಲಿ ಉಣ್ಣೆಯಲ್ಲವೇ, ಸಂಕೋಚವಿಲ್ಲದೆ ಕೈಗೆ ತೆಗೆದುಕೊಂಡು ಮೂಗು ಸೊಟ್ಟಗೆ ಮಾಡಿದರು.

‘ಏನೇ ಇದು ಕಮಲಾ, ಕುರಿ ದೊಡ್ಡೀಲಿ ಕೂತಂಗಾಗುತ್ತೆ.’

‘ಕುರೀದೇ ಅಕ್ಕ. ಸುಟ್ಟು ನೋಡಿದೀನಿ.’

‘ಇರಬಹುದು. ಮೈಯೆಲ್ಲ ಚುಚ್ಚುತ್ತಲ್ಲೇ. ನೀನೇ ಹೊದ್ಕೋ, ನಿಂಗೂ ಚಳಿ ಆಗಲ್ವೇ.’ ಆಮೇಲೆ ತಮ್ಮ ಭುಜದ ಮೇಲಿದ್ದ ಹಾಲುಬಿಳುಪಿನ ಹೊಸ ಶಾಲಿನ ಸೆರಗನ್ನು ನನ್ನತ್ತ ನೀಡಿದರು. ‘ಗಿರಿಜ ತಂದ್ಲು. ಅಪ್ಪಟ ಉಣ್ಣೆಯಂತೆ, ಎಷ್ಟು ಮೆತ್ತಗಿದೆ ನೋಡು. ಮುಟ್ಟೇ, ಪರವಾಗಿಲ್ಲ. ಉಣ್ಣೆಗೆ ಮೈಲಿಗೆ ಇಲ್ಲ.’

ಮುಟ್ಟಿದೆ. ಬೆರಳಿಗೆ ತಕ್ಷಣ ತಿಳಿಯಿತು. ಆ ನುಣುಪು, ಆ ಹಗುರ, ಉಜ್ಜಿದರೆ ಚಟಪಟ ಎನ್ನುವ ಆ ಒಣ ಸದ್ದು, ನನ್ನ ಕಾವಿ ಶಾಲಿನದೇ ಒಡಹುಟ್ಟು. ಯಂತ್ರ ಹೆಣೆದಿತ್ತು, ಅಷ್ಟೇ ಭೇದ. ತಲೆಯೆತ್ತಿದಾಗ ಗಿರಿಜ ಒಲೆಯ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ನನಗೆ ಎಲ್ಲವೂ ಕಾಣಿಸಿತು.

ಒಂದು ಮಾತು ಸಾಕಿತ್ತು. ನನ್ನ ಕೈಯ ಮೇಲಿದ್ದ ಕಳಂಕ ಆ ಒಂದು ಮಾತಿಗೆ ಕಳಚಿಬೀಳುತ್ತಿತ್ತು: ದಿನವಿಡೀ ಮನೆಯಲ್ಲೇ ಇದ್ದು ಮಡಿಯುಡುವ ಸೊಸೆಯ ಕೈಯಿಂದ ಬಂದದ್ದೂ ಅದೇ ಪ್ಲಾಸ್ಟಿಕ್ಕು. ಅಷ್ಟೇ ಅಲ್ಲ, ಉಣ್ಣೆಯಲ್ಲದ ಆ ಬಟ್ಟೆಯನ್ನು ಬಸ್ಸಿಳಿದು ಬಂದ ನನ್ನ ಕೈಯಿಂದ ಅಕ್ಕ ತಾವೇ ಮುಟ್ಟಿಸಿದ್ದರು. ಮಾತು ನಾಲಗೆಯ ತುದಿಯವರೆಗೆ ಬಂತು. ಅದರ ಹಿಂದೆಯೇ ಬಚ್ಚಲಿನ ತಣ್ಣೀರಿನ ಸದ್ದೂ ಬಂತು.

‘ಒಳ್ಳೇ ಉಣ್ಣೆ ಅಕ್ಕ’ ಎಂದೆ.

‘ಹಂಗೆ ಹೇಳು. ನೋಡಿ ತರೋರು ತಂದ್ರೆ ಹಿಂಗಿರುತ್ತೆ’ ಎಂದರು ಅಕ್ಕ.

ಬಸ್ಸಿನ ತನಕ ಗಿರಿಜ ಜೊತೆಗೆ ಬಂದಳು. ‘ಚಿಕ್ಕತ್ತೆ, ಅಸಲಿದು ತಂದ್ರೆ ಚುಚ್ಚುತ್ತೆ ಅಂತಾರೆ, ಇಂಥದ್ದು ಅಂದ್ರೆ ಮೈಲಿಗೆ ಅಂತಾರೆ. ಚಳೀಲಿ ನಡುಗ್ತಾ ಕೂರ್ತಾರೆ. ನಾನೇನು ಮಾಡ್ಲಿ? ನೀವು ಹೇಳಲ್ಲ ತಾನೆ?’

‘ಹೇಳೋದಾಗಿದ್ರೆ ಅಲ್ಲೇ ಹೇಳ್ತಿದ್ದೆ ಕಣೇ.’

‘ಹೋದ್ ವರ್ಷಾನೂ ನೀವು ಸುಮ್ನೇ ಎದ್ದು ಹೋದ್ರಿ’ ಎಂದು ಅವಳು ನೆಲ ನೋಡಿದಳು. ನನ್ನ ಪರವಾಗಿ ಆ ಮನೆಯಲ್ಲಿ ಯಾರಾದರೂ ಆಡಿದ ಮಾತೆಂದರೆ ಅದೊಂದೇ, ಅದೂ ಬಸ್ ನಿಲ್ದಾಣದಲ್ಲಿ.

ಮಿತ್ರರೇ, ನನ್ನ ಮೌನವನ್ನು ಕರುಣೆಯೆಂದು ಹೊಗಳಬೇಡಿ. ಕರುಣೆ ಇಷ್ಟು ಕಹಿಯಾಗಿರುವುದಿಲ್ಲ. ಆ ಮುದುಕಿ ಇನ್ನೊಮ್ಮೆ ತಣ್ಣೀರೆರೆದುಕೊಂಡು ನನ್ನ ಎದುರಿಗೇ ನಡುಗುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ, ಅಷ್ಟೆ. ಬಸ್ಸಿನಲ್ಲಿ ಕುರಿಯ ಶಾಲನ್ನು ನಾನೇ ಹೊದ್ದುಕೊಂಡೆ. ಅಕ್ಕ ಹೇಳಿದ್ದು ನಿಜ. ಚುಚ್ಚುತ್ತದೆ. ಈಗ ದಿನವೂ ಬೆಳಗ್ಗೆ ಅದನ್ನೇ ಹೊದ್ದು, ನನ್ನ ಸಣ್ಣ ಅಡುಗೆಮನೆಯಲ್ಲಿ ಹುಗ್ಗಿ ಬೇಯಿಸಿ ದೇವರ ಮುಂದಿಡುತ್ತೇನೆ. ದೇವರು ಇದುವರೆಗೆ ಏನೂ ಅಂದಿಲ್ಲ.

ಮೈಯ ರೋಮವನ್ನು ಕೊಟ್ಟ ಕುರಿಗಳಿಗೆ ಹಸಿರು ಮೇವು ಸಿಗಲಿ. ನಕ್ಕು ನೂಲು ಕೊಟ್ಟ ಹಿರಿಯರ ಮಗ್ಗ ನಿಲ್ಲದಿರಲಿ. ಕುರಿಯ ಚಿತ್ರ ಅಂಟಿಸಿ ಮಾರುವವರಿಗೆ ಸದ್ಬುದ್ಧಿ ಬರಲಿ. ಸಿಂಧುವಿನ ವಿದ್ಯೆ ಬೆಳೆಯಲಿ. ಗಿರಿಜಳಿಗೆ ಸುಳ್ಳು ಹೇಳಬೇಕಾಗಿ ಬರದ ದಿನಗಳು ಬರಲಿ. ಅಕ್ಕ ನೂರು ವರ್ಷ ಬಾಳಲಿ, ಬೆಚ್ಚಗಿರಲಿ, ಆ ಬಿಳಿಯ ಶಾಲನ್ನು ದೀಪದಿಂದ ದೂರವೇ ಇಟ್ಟುಕೊಳ್ಳಲಿ.