ಎಲ್ಲ ಹೆಸರಿಗೂ ಓಗೊಟ್ಟ ಸುವಾರ್ತಮ್ಮ

ಸಾಯುವವರು ಯಾರ ಹೆಸರು ಹಿಡಿದು ಕರೆದರೂ ಸುವಾರ್ತಮ್ಮ "ಓ" ಅನ್ನುತ್ತಿದ್ದರು. ಕರೆದದ್ದು ಹೆಂಡತಿಯನ್ನಾಗಲಿ, ಎಂದೋ ಸತ್ತ ತಾಯಿಯನ್ನಾಗಲಿ, ಮನೆ ಬಿಟ್ಟು ಓಡಿಹೋದ ಮಗನನ್ನಾಗಲಿ, ಇವರದು ಒಂದೇ ಉತ್ತರ: "ಓ, ಬಂದೀನಿ." ಬರೀ ಮಾತಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ದನಿಯೇ ಬದಲಾಗುತ್ತಿತ್ತು. ಅದನ್ನು ಕೇಳಿದ ಮೇಲೆ ಎಷ್ಟೋ ದಿನ, ಮನೆಯಲ್ಲಿ ಯಾರಾದರೂ "ಸುಶೀಲಾ" ಎಂದು ಕರೆದರೆ ಮೊದಲು ಎದ್ದುಹೋಗಿ ಕರೆದವರ ಮುಖ ನೋಡಿ, ಆಮೇಲೆ ಉತ್ತರ ಕೊಡುತ್ತಿದ್ದೆ.

ಸುವಾರ್ತಮ್ಮ ಗದಗ-ಬೆಟಗೇರಿ ಕಡೆಯ ಕ್ರೈಸ್ತರ ಮನೆತನದವರು. ಗಂಡ ಸಿಕಂದರಾಬಾದಿನಲ್ಲಿ ರೈಲ್ವೆ ನೌಕರಿಗೆ ಬಂದವರು, ಬೇಗ ತೀರಿಕೊಂಡರು. ಈಕೆ ಊರಿಗೆ ಮರಳದೆ ಇಲ್ಲೇ ಉಳಿದು, ತಮ್ಮ ಚರ್ಚಿನ ಸಭೆಯ ಪರವಾಗಿ ಒಂದು ಧರ್ಮಾಸ್ಪತ್ರೆಯಲ್ಲಿ ರೋಗಿಗಳನ್ನು ಕಂಡು ಮಾತಾಡಿಸುವ ಕೆಲಸ ಹಿಡಿದರು. ಕಂದು ಅಂಚಿನ ಬಿಳಿ ಸೀರೆ, ಗಂಡಸರ ಕಪ್ಪು ಕೊಡೆ, ಹೆಗಲಿಗೊಂದು ಬಟ್ಟೆಯ ಚೀಲ. ಚೀಲದಲ್ಲಿ ಧರ್ಮಗ್ರಂಥ ಇರುತ್ತದೆ ಎಂದುಕೊಂಡಿದ್ದೆ. ನೋಡಿದರೆ ಬಾಚಣಿಗೆ, ಕೊಬ್ಬರಿ ಎಣ್ಣೆ, ಉಗುರು ಕತ್ತರಿ, ಸುಲ್ತಾನ್ ಬಜಾರಿನಲ್ಲಿ ಜಗಳಾಡಿ ಚೌಕಾಸಿ ಮಾಡಿ ತಂದ ಸಣ್ಣ ಟವೆಲ್ಲುಗಳು.

"ಪ್ರಾರ್ಥನಾ ಆಮ್ಯಾಲ. ಮೊದಲ ಉಗುರು," ಎನ್ನುತ್ತ ಮಂಚದ ತುದಿಗೆ ಕೂತು ರೋಗಿಯ ಕೈ ಎಳೆದುಕೊಳ್ಳುವರು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ನಿಮ್ಮ ದೇವರು ಉಗುರೂ ನೋಡ್ತಾನೇನ್ರಿ?" ಎಂದು ಕೆಣಕಿದೆ.

"ಅಂವಾ ನೋಡೂದಿಲ್ಲವಾ," ಎಂದರು ತಲೆ ಎತ್ತದೆ. "ಇವರಿಗೆ ನಾಚಿಕಿ ಇರತೈತಿ."

ಆಸ್ಪತ್ರೆಯ ಆಯಾಗಳಿಗೆ ಇವರೆಂದರೆ ಅಂಜಿಕೆ. ಕೊಡೆಯ ತುದಿ ನೆಲಕ್ಕೆ ತಾಗುವ ಟಕ್ ಟಕ್ ಸದ್ದು ಕೇಳಿದರೆ ಕೆಲವು ರೋಗಿಗಳು ಚಾದರ ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ಒಬ್ಬ ಆಯಾ ನನ್ನ ಕಿವಿಯಲ್ಲಿ ತೆಲುಗಿನಲ್ಲಿ ಉಸುರಿದಳು: "ಆ ಪೆದ್ದಾವಿಡ ಒಕ್ಕತ್ತೇ ರಾದಮ್ಮಾ." ಆ ಮುದುಕಿ ಒಬ್ಬಳೇ ಬರುವುದಿಲ್ಲ, ಹಿಂದೆ ಸತ್ತವರು ಬರುತ್ತಾರೆ ಎಂದು ಅದರ ಅರ್ಥ. ನಾನು ನಕ್ಕುಬಿಟ್ಟೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವಳು ನಾನು. ಕಣ್ಣಿಗೆ ಕಾಣದವರ ದನಿ ದಿನಾ ಕೇಳುವವಳಿಗೆ ದೆವ್ವದ ಹೆದರಿಕೆ ಎಲ್ಲಿಂದ ಬರಬೇಕು?

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಆಗ ಆ ಆಸ್ಪತ್ರೆಯಲ್ಲಿ ಮಲಗಿದ್ದವರು ನನ್ನ ಅಪ್ಪ. ಪಕ್ಕದ ಮಂಚದಲ್ಲಿ ಹಳೇ ಪೇಟೆಯ ಒಬ್ಬ ಮುದುಕ ಬೆಳಗಿನಿಂದ "ಮುನ್ನಾ, ಮುನ್ನಾ" ಎಂದು ಮಗನಿಗಾಗಿ ಹಲುಬುತ್ತಿದ್ದ. ಆ ಮಗ ಹುಡುಗನಾಗಿದ್ದಾಗಲೇ ಅಪ್ಪನ ಹೊಡೆತ ತಾಳದೆ ಓಡಿಹೋಗಿದ್ದನಂತೆ. ಸುವಾರ್ತಮ್ಮ ನನ್ನ ಅಪ್ಪನ ಉಗುರು ಕತ್ತರಿಸುತ್ತಿದ್ದವರು ಕತ್ತರಿ ಕೆಳಗಿಟ್ಟರು. "ಹೌ ಅಬ್ಬಾ, ಆಯಾ ಮೈಂ," ಎಂದು ಉರ್ದುವಿನಲ್ಲಿ ದನಿ ಕೇಳಿತು, ಬಂದೆ ಅಪ್ಪಾ ಎಂದು. ನಾನು ತಿರುಗಿ ಹುಡುಗನನ್ನು ಹುಡುಕಿದೆ. ಹುಡುಗ ಎಲ್ಲಿದ್ದಾನೆ? ಅರವತ್ತು ದಾಟಿದ ಹೆಂಗಸಿನ ಗಂಟಲಿನಿಂದ ಮೀಸೆ ಮೂಡದ ಹುಡುಗನ ದನಿ ಬಂದಿತ್ತು. ಮುದುಕ ಕೈ ಚಾಚಿದ. ಇವರು ತಲೆ ಬಗ್ಗಿಸಿ ಕೂತರು. ಅವನು ಆ ನರೆತ ತಲೆಯನ್ನು ಸವರುತ್ತ ಸವರುತ್ತ ನಿದ್ದೆಹೋದ.

ಅಪ್ಪನ ಸಂಕಟ ಬೇರೆಯೇ ಇತ್ತು. ನಮ್ಮದು ಸೇಡಂ ಕಡೆಯ ಮನೆತನ. ಹೈದರಾಬಾದ್ ರಾಜ್ಯ ಹಂಚಿಹೋದಾಗ ಸೇಡಂ ಮೈಸೂರಿಗೆ ಸೇರಿತು, ಅಪ್ಪ ಹೈದರಾಬಾದಿನ ಸರ್ಕಾರಿ ಕಚೇರಿಯಲ್ಲೇ ಉಳಿದರು. ಕೊನೆಗಾಲದಲ್ಲಿ ನೋವಿಗಿಂತ ಬಾಗಿಲಿಗೆ ಹೆದರಿದರು. ಬಾಗಿಲ ಕಡೆ ಬೆರಳು ಮಾಡಿ, "ಅಕ್ಕ ನಿಂತಾಳ ನೋಡು. ಒಳಗ ಬರಲೊಲ್ಲಳು, ಹೊಳ್ಳಿ ಹೋಗಲೊಲ್ಲಳು," ಎಂದು ಚೀರುತ್ತಿದ್ದರು. ಅಕ್ಕ ಎಂದರೆ ನನ್ನ ಸೋದರತ್ತೆ ಗಂಗವ್ವ. ಆಕೆಗೆ ದೊಡ್ಡರೋಗ, ಅಂದರೆ ಕುಷ್ಠ, ಬಂದು, ಊರು ಬಿಟ್ಟು, ಎಲ್ಲಿ ಹೋಗಿ ಸತ್ತಳೋ ಗೊತ್ತಿಲ್ಲ ಎಂಬಷ್ಟೇ ನಾನು ಕೇಳಿದ್ದು. ಡಾಕ್ಟರರು ಸೂಜಿ ಚುಚ್ಚಿದರು. ಅವ್ವ ಮಠದಿಂದ ವಿಭೂತಿ ತಂದು ಹಚ್ಚಿದಳು. ಕಣ್ಣು ಬಾಗಿಲಿನಿಂದ ಕದಲಲಿಲ್ಲ. ಅಪ್ಪ ಹೀಗೇ ಹೆದರುತ್ತ ಹೆದರುತ್ತ ಸಾಯುತ್ತಾರಲ್ಲಪ್ಪಾ ಎಂದು ನನಗೆ ಅದೊಂದೇ ಚಿಂತೆ.

ಒಂದು ಮಧ್ಯಾಹ್ನ, ಬಿಸಿಲು ರಣರಣ ಅನ್ನುವಾಗ, ಸುವಾರ್ತಮ್ಮ ಬಂದು ಅಪ್ಪ ತೋರಿಸಿದ ಕಡೆ ತುಸು ಹೊತ್ತು ನೋಡಿದರು. ಹೊರಗೆ ಹೋದರು. ಚಪ್ಪಲಿ ಬಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು, ಹೊಸ್ತಿಲಾಚೆ ನಿಂತರು. ಬಾಗಿಲು ತೆರೆದೇ ಇತ್ತು, ಆದರೂ ಬಡಿದರು.

"ತಮ್ಮಾ, ಬಿಸಲಾಗ ನಿಂತೀನೋ. ಜರಾ ನೀರು ಕೊಡ್ತಿಯೇನು?"

ಅದು ಗದಗಿನ ಮಾತಲ್ಲ. ನಮ್ಮ ಸೇಡಂ ಕಡೆಯ ರಾಗ. ಪಕ್ಕದಲ್ಲಿದ್ದ ಅವ್ವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಅಪ್ಪನೇ ಉತ್ತರ ಕೊಟ್ಟರು.

"ಬಾ ಅಕ್ಕಾ. ಒಳಗ ಬಾ. ಚಿಲಕಾ ಹಾಕಿಲ್ಲ ಈಗ."

ನಾಲ್ಕು ದಿನದಿಂದ ಕೈ ಎತ್ತಲಾಗದೆ ಬಿದ್ದಿದ್ದ ಮನುಷ್ಯ ಸ್ಟೂಲಿನ ಮೇಲಿನ ಲೋಟಕ್ಕೆ ಕೈ ಹಾಕಿದರು. ಅರ್ಧ ನೀರು ಚಾದರಕ್ಕೆ ಚೆಲ್ಲಿತು. ಸುವಾರ್ತಮ್ಮ ಮಂಚದ ಬಳಿ ಮೊಣಕಾಲೂರಿ, ಅಪ್ಪ ಹಿಡಿದ ಲೋಟದಿಂದಲೇ ಗಟಗಟ ಕುಡಿದರು.

"ಆವತ್ತೂ ಇದನ್ನ ಬೇಡಿದ್ದೆಲ್ಲವ್ವಾ ನೀ," ಎಂದು ಅಪ್ಪ ಅತ್ತರು. "ಇನ್ನೊಂದಿಷ್ಟು ಬೇಕೇನು?"

"ಸಾಕು ತಮ್ಮಾ. ತಂಪಾತು."

ಅಪ್ಪ ಆಮೇಲೆ ಬಾಗಿಲ ಕಡೆ ನೋಡಲೇ ಇಲ್ಲ. ಮರುದಿನ ಬೆಳಿಗ್ಗೆ ನಿದ್ದೆಯಲ್ಲೇ ಹೋದರು. ಮಣ್ಣು ಮುಗಿಸಿ ಬಂದ ಮೇಲೆ ಅವ್ವ ಬಾಯಿಬಿಟ್ಟಳು. ಗಂಗವ್ವ ಒಂದು ಬೇಸಿಗೆ ಮಧ್ಯಾಹ್ನ ಸುಲ್ತಾನ್ ಬಜಾರಿನ ಹಿಂಭಾಗದ ನಮ್ಮ ಮನೆಗೆ ಬಂದಿದ್ದಳಂತೆ. ಅಪ್ಪ ರೋಗಕ್ಕೆ ಅಂಜಿ, ಓಣಿಯ ಮಂದಿಗೆ ಅಂಜಿ, ಒಳಗಿನಿಂದ ಚಿಲಕ ಹಾಕಿದರು. ಆಕೆ ಹೊರಗಿನಿಂದ ನೀರು ಕೇಳಿದಳು. ಅವ್ವ ಚರಿಗೆ ತುಂಬಿಕೊಂಡು ಎದ್ದಾಗ ಅಪ್ಪ ಆಕೆಯ ಮಣಿಕಟ್ಟು ಹಿಡಿದು ಕೂರಿಸಿದರು. "ಯಾರ ಮುಂದೂ ಹೇಳಿಲ್ಲ ನಾ. ಸುವಾರ್ತಮ್ಮಗ ಹ್ಯಾಂಗ ಗೊತ್ತಾತು?" ಎಂದು ಅವ್ವ ನನ್ನನ್ನೇ ಕೇಳಿದಳು. ನನಗೆ ಹೇಗೆ ಗೊತ್ತಿರಬೇಕು?

ಕೇಳಿಯೇ ಬಿಡೋಣ ಎಂದು ಅಪ್ಪನ ಹಾಸಿಗೆ ಪಾತ್ರೆ ತರುವ ನೆಪದಲ್ಲಿ ಆಸ್ಪತ್ರೆಗೆ ಹೋದೆ. ವರಾಂಡದಲ್ಲಿ ಅವರ ಸಭೆಯ ಪಾದ್ರಿಗಳು ಸುವಾರ್ತಮ್ಮನನ್ನು ತರಾಟೆಗೆ ತೆಗೆದುಕೊಂಡಿದ್ದರು. ಕೆಟ್ಟ ಮನುಷ್ಯರಲ್ಲ ಪಾದ್ರಿಗಳು. ಮುಖದಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು.

"ಸತ್ತವರ ಹೆಸರಿನಿಂದ ಕ್ಷಮಾ ಹಂಚಾಕ ನಿಮಗ ಯಾರು ಅಧಿಕಾರ ಕೊಟ್ರು?"

"ಕ್ಷಮಾ ಮಾಡೀನಿ ಅಂತ ನಾ ಯಾರಿಗೂ ಅಂದಿಲ್ರಿ ಅಯ್ಯನವರ. ಬಂದೀನಿ ಅಂತೀನಿ, ಅಷ್ಟ. ಕ್ಷಮಾ ಮಾಡಾಂವ ಮ್ಯಾಲೆ ಅದಾನ. ಆದರ ಅಂಜಿದ ಮನಷ್ಯಾಗ ಮ್ಯಾಲಿಂದು ಕಾಣೂದಿಲ್ರಿ, ಬಾಗಲಾ ಅಷ್ಟ ಕಾಣತೈತಿ."

"ದೇವರ ಕರುಣಾಕ್ಕ ನಾಟಕ ಬೇಕೇನು?"

"ದೇವರ ಕರುಣಾ ಕೊಡಾಕಷ್ಟ ಬರತೈತಿ ಅಂತ ತಿಳಕೊಂಡೀರಿ. ಬೇಡಾಕೂ ಬರತೈತ್ರಿ ಅದು. ತಪ್ಪು ಮಾಡಿದಾಂವಗ ಕೊಡಾಕ ಏನರ ಒಂದು ಬೇಕು. ಬರೇ ಇಸಗೊಂಡು ಹೋಗು ಅಂದರ ಅಂವಾ ತಲಿ ಹ್ಯಾಂಗ ಎತ್ತತಾನ?"

ಪಾದ್ರಿಗಳು ಮೆಲ್ಲಗೆ ಕೇಳಿದರು: "ನಾಳೆ ಆ ಸತ್ತವರು ನಿಮ್ಮೆದುರು ನಿಂತು, ನನ್ನ ಹೆಸರಿಗೆ ನೀ ಯಾಕ ಓ ಅಂದಿ ಅಂತ ಕೇಳಿದರ?"

ಸುವಾರ್ತಮ್ಮನ ಮುಖ ಇಳಿದದ್ದನ್ನು ಅವತ್ತೇ ಮೊದಲು ಕಂಡೆ. "ಆ ಮಾತ ನನ್ನನ್ನ ನಾನೂ ದಿನಾ ಕೇಳಕೋತೀನ್ರಿ," ಎಂದರು.

ಪಾದ್ರಿಗಳು ಹೋದ ಮೇಲೆ ನಾನು ನೀರಿನ ವಿಷಯ ಎತ್ತಿದೆ. ಯಾರು ಹೇಳಿದರು, ಹೇಗೆ ಗೊತ್ತಾಯಿತು ಎಂದು ಪೀಡಿಸಿದೆ. ಅವರು ಕೊಡೆ ಬಿಚ್ಚುತ್ತ ನನ್ನನ್ನು ವಿಚಿತ್ರವಾಗಿ ನೋಡಿದರು. "ಬಿಸಲಾಗ ನಡಕೋತ ಬಂದಿದ್ದೆನವಾ. ನನಗ ನೀರಡಿಸಿತ್ತು." ಅದಕ್ಕಿಂತ ಹೆಚ್ಚು ಎಂದೂ ಹೇಳಲಿಲ್ಲ. ಅಪ್ಪನಿಗೆ ಸಿಕ್ಕಿದ್ದು ಕರುಣೆಯೋ ಮೋಸವೋ ಎಂಬ ಮುಳ್ಳು ನನ್ನೊಳಗೆ ಹಾಗೇ ಉಳಿಯಿತು.

ಬಹಳ ವರ್ಷಗಳ ನಂತರ, ನಾನು ನಿವೃತ್ತಳಾದ ಮೇಲೆ, ಅವರ ಸಭೆಯಿಂದ ಫೋನು ಬಂತು. ಸುವಾರ್ತಮ್ಮ ಗಚ್ಚಿಬೌಲಿಯ ಆಚೆ ಒಂದು ವೃದ್ಧಾಶ್ರಮದಲ್ಲಿದ್ದಾರೆ, ಊಟ ಬಿಟ್ಟಿದ್ದಾರೆ, ಕೋಣೆಯ ಬಾಗಿಲು ತೆರೆಯಲು ಬಿಡುತ್ತಿಲ್ಲ, ಸಭೆಯಲ್ಲಿ ಈಗ ಕನ್ನಡದವರು ಯಾರೂ ಉಳಿದಿಲ್ಲ, ನೀವೊಮ್ಮೆ ಬನ್ನಿ ಎಂದು. ಗಾಜಿನ ಕಟ್ಟಡಗಳು ಏಳತೊಡಗಿದ್ದ ಕಾಲ ಅದು. ದೂರದಲ್ಲಿ ಬಂಡೆ ಸಿಡಿಸುವ ಸದ್ದಿಗೆ ಆಶ್ರಮದ ಕಿಟಕಿಗಳು ಗಡಗಡ ಅನ್ನುತ್ತಿದ್ದವು.

ಆಯಾ ಬೇರೆ ಕೀಲಿಯಿಂದ ಪಕ್ಕದ ಬಾಗಿಲು ತೆರೆದು ನನ್ನನ್ನು ಒಳಗೆ ಬಿಟ್ಟಳು. ಸುವಾರ್ತಮ್ಮ ಒಣಗಿ ಕಡ್ಡಿಯಾಗಿದ್ದರು. ನನ್ನ ಗುರುತು ಹತ್ತಲಿಲ್ಲ. ಕಣ್ಣು ಮಾತ್ರ ಮುಂಬಾಗಿಲ ಮೇಲೆ.

"ಚಿಲಕಾ ಬಿಗಿ ಐತೇನು ನೋಡವಾ. ಅವರು ಬಂದಾರ."

"ಯಾರ್ರೀ?"

"ಎಲ್ಲಾರೂ. ಯಾರ್ಯಾರ ಹೆಸರಿಗೆ ಓ ಅಂದೆನೋ ಅವರೆಲ್ಲಾ."

"ಏನ್ ಕೇಳ್ತಾರ?"

"ಏನೂ ಕೇಳವಲ್ಲರು. ಸುಮ್ಮನ ನಿಂತಾರ. ಅದಕ್ಕ ಅಂಜಿಕಿ."

ದೇವರು ದೊಡ್ಡವನು, ನೀವು ಎಷ್ಟು ಮಂದಿಗೆ ಒಳ್ಳೆಯದು ಮಾಡಿದ್ದೀರಿ ಎಂದೆಲ್ಲ ಹೇಳಿದೆ. ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಊರಿನ ಅಂಜಿಕೆಯನ್ನೆಲ್ಲ ಬಿಡಿಸಿದ ಹೆಂಗಸು ಹೀಗೆ ನಡುಗುತ್ತ ಹೋಗುವುದು ಯಾವ ನ್ಯಾಯ ಎಂದು ನನಗೆ ಅಳು ಬಂತು. ಬೇರೆ ಏನೂ ತೋಚದೆ ಹೊರಗೆ ಸುತ್ತಿಬಂದು, ಮುಂಬಾಗಿಲ ಎದುರು ಚಪ್ಪಲಿ ಬಿಟ್ಟು, ಸೆರಗು ತಲೆಗೆಳೆದುಕೊಂಡೆ. ಪಡಸಾಲೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಬಸ್ಸಿನ ಸಾಲಿನಲ್ಲಿ ಎಲ್ಲರನ್ನೂ ದಾಟಿ ಮುಂದೆ ಬಂದವಳಂತೆ ಸಂಕೋಚವಾಯಿತು. ಬಾಗಿಲು ಬಡಿದೆ.

"ಯಾರವಾ?" ಎಂದಿತು ಒಳಗಿನ ದನಿ.

"ನಾ ಗಂಗವ್ವ, ಸೇಡಂದಾಕಿ. ಬಿಸಲಾಗ ನಿಂತೀನಿ. ಜರಾ ನೀರು ಕೊಡ್ತಿಯೇನು?"

ಆ ದನಿ ನನ್ನದೇ ಎಂದು ಆಣೆ ಮಾಡಿ ಹೇಳಲು ಇವತ್ತಿಗೂ ನನಗೆ ಧೈರ್ಯವಿಲ್ಲ.

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಚಿಲಕ ಸರಿಯಿತು. ಹಾಸಿಗೆ ಹಿಡಿದಿದ್ದವರು ಗೋಡೆ ಹಿಡಿದು ತಾವೇ ಎದ್ದು ಬಂದಿದ್ದರು, ಕೈಯಲ್ಲಿ ಸ್ಟೀಲಿನ ಲೋಟ. ನಾನು ಮೊಣಕಾಲೂರಿ ಅವರ ಕೈಯಿಂದಲೇ ಕುಡಿದೆ. ಎರಡು ಬಸ್ಸು ಬದಲಿಸಿ ಬಿಸಿಲಲ್ಲಿ ಬಂದವಳು. ನನಗೆ ನಿಜವಾಗಿಯೂ ನೀರಡಿಸಿತ್ತು. ಅಪ್ಪನಿಗೆ ಯಾರೂ ಮೋಸ ಮಾಡಿರಲಿಲ್ಲ ಎಂದು ಆ ಮೊದಲ ಗುಟುಕಿಗೇ ಗೊತ್ತಾಯಿತು.

ಸುವಾರ್ತಮ್ಮ ನನ್ನ ಹೆಗಲಾಚೆ ನೋಡಿದರು. ಮುಖದ ಗಂಟು ಸಡಿಲವಾಯಿತು. ಒಳಗೆ ಹೋಗಿ ಲೋಟವನ್ನು ಮತ್ತೆ ತುಂಬಿ ತಂದರು.

"ಇವರಿಗೂ ಕೊಡವಾ. ಪಾಪ, ಎಷ್ಟೊತ್ತಿಂದ ನಿಂತಾರ."

ನಾನು ತಿರುಗಿ ನೋಡಲಿಲ್ಲ. ಲೋಟವನ್ನು ಬೆನ್ನ ಹಿಂದೆ, ಹೊಸ್ತಿಲಾಚೆ ಇಟ್ಟು, ಅವರನ್ನು ಮಲಗಿಸಿ, ಉಗುರು ಕತ್ತರಿಸಿದೆ. ಬಾಗಿಲು ಹಾಕುವುದು ಬೇಡ ಎಂದರು. ಅವರಿಗೆ ಜೊಂಪು ಹತ್ತಿದ ಮೇಲೆ ಎದ್ದು ನೋಡಿದರೆ ಲೋಟ ಬರಿದಾಗಿತ್ತು. ಆಯಾ ಚೆಲ್ಲಿರಬೇಕು. ಆಕೆಯನ್ನು ಕೇಳಲು ಹೋಗಲಿಲ್ಲ.

ಆ ವಾರವೇ ಅವರು ತೀರಿಕೊಂಡರು, ತೆರೆದ ಬಾಗಿಲ ಕಡೆ ಮುಖ ಮಾಡಿಕೊಂಡು ಎಂದು ಆಶ್ರಮದವರು ಹೇಳಿದರು. ಈಗಲೂ ಬೇಸಿಗೆ ಮಧ್ಯಾಹ್ನ ನಮ್ಮ ಬಾಗಿಲು ಬಡಿದ ಸದ್ದಾದರೆ ಮೊದಲು ನೀರು ತುಂಬಿಕೊಂಡೇ ಹೋಗುತ್ತೇನೆ. ಚಿಲಕ ತೆಗೆದ ಮೇಲೆ, ಯಾರು ಎಂದು ಕೇಳುತ್ತೇನೆ.